ಹರಕೆಯ ಕಾರಿಗೆ ಡೀಸೆಲ್ ಎಂಜಿನ್ ಹಾಕಬಹುದೇ?

ತೊಂಬತ್ತೇಳರ ಬೇಸಗೆಯಲ್ಲಿ ನನ್ನ ಸೋದರಮಾವ ಮುಂಬೈಯ ಹೋಟೆಲು ಮುಚ್ಚಿ ಕುಂದಾಪುರಕ್ಕೆ ಬಂದರು. ಮಾವ, ಅತ್ತೆ ಬಸ್ಸಿನಲ್ಲಿ ಬಂದರು. ಕಾರು ಲಾರಿಯಲ್ಲಿ ಬಂತು. ಕಾರು ಇದ್ದವರು ಬಸ್ಸಿನಲ್ಲೂ ಕಾರು ಲಾರಿಯಲ್ಲೂ ಬರುವುದು ಯಾವ ಶಾಸ್ತ್ರ ಎಂದು ಅಂದೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ನಾನು ಬ್ರಹ್ಮಾವರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಸಂಶಯಪಡುವುದು ಪಠ್ಯದಲ್ಲಿ ಇರಲಿಲ್ಲ.

ಕಾರೆಂದರೆ ನೀವು ಅಂದುಕೊಂಡದ್ದಲ್ಲ. ಇಂಗ್ಲೆಂಡಿನದು. ಎರಡೇ ಸೀಟು, ತಲೆಯ ಮೇಲೆ ಮಾಡು ಇಲ್ಲ, ಮೂತಿ ಮನೆಯಷ್ಟು ಉದ್ದ, ಎತ್ತರ ನಮ್ಮ ಮೊಣಕಾಲಿನಿಂದ ಸ್ವಲ್ಪ ಮೇಲೆ. ಬಣ್ಣ ಎಳೆ ಬಾಳೆಎಲೆಯ ಹಸಿರು. ರೇಸಿನಲ್ಲಿ ಓಡಿಸುವ ಜಾತಿ ಎಂದು ಮಾವ ಹೇಳುತ್ತಿದ್ದರು. ಲಾರಿಯಿಂದ ಇಳಿಸಿದ ದಿನ ಅಂಗಳದಲ್ಲಿ ನೆರೆದವರೆಲ್ಲ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕೊನೆಗೆ ಒಬ್ಬರು ತೀರ್ಪು ಕೊಟ್ಟರು: "ಇದ್ರಗೆ ಕೂಕಂಬುಕೆ ಆಪ್ದಲ್ಲ ಮಾರ್ರೆ, ಮನಿಕಂಬುಕೇ ಸೈ."

ಮಾವ ಆ ಮಲಗುವ ಮಾತು ಕೇಳದವರ ಹಾಗೆ ಕರವಸ್ತ್ರದಿಂದ ಬಾನೆಟ್ಟು ಒರೆಸಿದರು. "ಒಂದ್ ನಟ್ಟ್ ಸಹಿತ ಒರಿಜಿನಲ್" ಎಂದರು. ಆ ಮೇಲಿನ ಆರು ವರ್ಷ ನಾವು ಆ ವಾಕ್ಯದ ಅಡಿಯಲ್ಲಿ ಬದುಕಿದೆವು.

ಒರಿಜಿನಲ್ ಕಾರು ಓಡುತ್ತಿರಲಿಲ್ಲ ಎಂಬುದು ಸಣ್ಣ ವಿಷಯ. ಎಂಜಿನ್ನಿನ ತಲೆಗೂ ಮುಂಡಕ್ಕೂ ನಡುವೆ ಕೂರುವ ತಾಮ್ರದ ತಗಡೊಂದಿದೆ, ಗ್ಯಾಸ್ಕೆಟ್ ಎನ್ನುತ್ತಾರೆ. ಅದು ಮುಂಬೈಯಲ್ಲೇ ಹೋಗಿತ್ತಂತೆ. ಇಂಗ್ಲೆಂಡಿನಿಂದಲೇ ಬರಬೇಕು. ಬರುವವರೆಗೆ ಕಾರು ಅಂಗಳದ ಬದಿಯ ತಗಡಿನ ಚಪ್ಪರದಲ್ಲಿ, ಅತ್ತೆಯ ಹಳೇ ಸೀರೆ ಹೊದ್ದುಕೊಂಡು, ಸುಖವಾಗಿ ಮಲಗಿತ್ತು. ಬಾನೆಟ್ಟಿಗೆ ಬೀಗ. ಬೀಗದ ಕೈ ದೇವರ ಕೋಣೆಯ ಪೆಟ್ಟಿಗೆಯಲ್ಲಿ. ಆ ಎಂಜಿನ್ನಿನ ದರ್ಶನಕ್ಕೆ ಗರ್ಭಗುಡಿಗಿಂತ ಕಠಿಣ ನಿಯಮ. ಗರ್ಭಗುಡಿಗಾದರೂ ದಿನಕ್ಕೆರಡು ಸಲ ಬಾಗಿಲು ತೆಗೆಯುತ್ತಾರೆ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಅತ್ತೆಗೆ ಬಿಟ್ಟು.

ಮುಂಬೈಯಲ್ಲಿ ಮಾವನಿಗೆ ಒಮ್ಮೆ ಕಾಮಾಲೆ ಆಗಿ, ಆಸ್ಪತ್ರೆಯವರೂ ಕೈ ಚೆಲ್ಲುವ ಹಾಗಾದಾಗ, ಅತ್ತೆ ಕೊಲ್ಲೂರು ಅಮ್ಮನಿಗೆ ಒಂದು ಹರಕೆ ಹೇಳಿಕೊಂಡಿದ್ದರು. 'ಇವ್ರ್ ಎದ್ದ್ ಕೂರ್ಲಿ. ಇವ್ರೇ ಗಾಡಿ ಬಿಟ್ಕಂಡ್, ಇದೇ ಗಾಡಿಯಗೆ ನನ್ನ ಕೂರ್ಸ್ಕಂಡ್, ನಿನ್ನ ಬಾಗಿಲಿಗೆ ಬತ್ರ್.' ಹರಕೆಗೆ ಒಂದು ಬಿಡುವುದು ಇರಬೇಕಲ್ಲ, ಅದು ತೀರುವ ತನಕ ಹಲಸಿನ ಹಣ್ಣು ಬಿಟ್ಟೆ ಎಂದರು. ಮುಂಬೈಯಲ್ಲಿ ಕೂತು ಹಲಸಿನ ಹಣ್ಣು ಬಿಡುವುದು ದೊಡ್ಡ ತ್ಯಾಗವೇನಲ್ಲ. ಅಲ್ಲಿ ಅದು ಸಿಕ್ಕುವುದೇ ಪಾರ್ಸೆಲಿನಲ್ಲಿ. ಮಾವ ಎದ್ದು ಕೂತರು. ಕಾರು ಕೂತಲ್ಲಿಂದ ಏಳಲಿಲ್ಲ. ಇಪ್ಪತ್ತು ವರ್ಷ ಕಳೆದು ಊರಿಗೆ ಬಂದರೆ, ಬಾವಿಕಟ್ಟೆಯ ಪಕ್ಕದಲ್ಲಿ ಎರಡು ಹಲಸಿನ ಮರ, ಎರಡೂ ಬಕ್ಕೆ, ತೊಳೆ ಕಚ್ಚಿದರೆ ಕಟುಕೆನ್ನುವ ಗಟ್ಟಿ ಜಾತಿ, ಬುಡದಿಂದಲೇ ಕಾಯಿ ಬಿಡುತ್ತಿದ್ದವು.

ಏಪ್ರಿಲ್‌ನಿಂದ ಜೂನ್‌ವರೆಗೆ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ತಾವೇ ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಕೊಯ್ಯುವರು, ತೊಳೆ ಬಿಡಿಸುವರು, ಅರಶಿನ ಎಲೆಯಲ್ಲಿ ಕಡುಬು ಬೇಯಿಸುವರು, ನಮಗೆ ಬಡಿಸುವರು, ನಾವು ತಿನ್ನುವುದನ್ನು ನೋಡುತ್ತ ಕೂರುವರು. "ಹ್ಯಾಂಗಿತ್ತ್ ಮಾಣಿ?" ಎಂದು ಕೇಳುವರು. ನನಗೆ ಆಗ ನಲವತ್ತಾರು ವರ್ಷ, ಅರ್ಧ ತಲೆ ಬೋಳು. ಅತ್ತೆಗೆ ನಾನು ಮಾಣಿಯೇ. ಚೆನ್ನಾಗಿದೆ ಎಂದರೆ ಅವರಿಗೆ ಹೊಟ್ಟೆ ಉರಿಯುತ್ತದೆ, ಚೆನ್ನಾಗಿಲ್ಲ ಎಂದರೆ ಸಿಟ್ಟು ಬರುತ್ತದೆ. "ಇತ್ತ್" ಎಂದು ಮಾತ್ರ ಹೇಳಿ ಕೈ ತೊಳೆಯುತ್ತಿದ್ದೆ.

ಬಸ್ಸಿನಲ್ಲಿ ಅವರು ಕೊಲ್ಲೂರಿಗೆ ಹನ್ನೆರಡು ಸಲವಾದರೂ ಹೋಗಿದ್ದರು. ಅದು ಲೆಕ್ಕಕ್ಕಿಲ್ಲ. ಇದೇ ಗಾಡಿ ಎಂದು ಬಾಯಿಬಿಟ್ಟು ಹೇಳಿಯಾಗಿತ್ತು.

ಹೀಗಿರುವಾಗ ಗಂಗೊಳ್ಳಿಯ ಮೆಕ್ಯಾನಿಕ್ ಬಂದ. ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಊರೆಲ್ಲ ಹೆಸರು. ಹೊಳೆ ದಾಟುವ ಲಾಂಚಿನಲ್ಲಿ, ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಬಂದ. ಸೀರೆ ಎತ್ತಿ ಕಾರನ್ನು ನೋಡಿದ. ಬಗ್ಗಿ ಅಡಿ ನೋಡಿದ. ಬೀಗ ನೋಡಿದ. ಅಷ್ಟರಲ್ಲೇ ಅವನಿಗೆ ರೋಗ, ಮದ್ದು ಎರಡೂ ಗೊತ್ತಾಯಿತು.

"ಅಯ್ಯ, ಇದ್ಕೆ ಡೀಸೆಲ್ ಹಾಕ್ವ."

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನನ್ ಹತ್ರ ಒಂದ್ ಎಂಜಿನ್ ಇತ್ತ್. ಜೀಪಿಂದ್. ಸಮುದ್ರದಗೆ ಹತ್ತ್ ವರ್ಷ ಓಡಿದ್. ಉಪ್ಪ್ ನೀರಿಗೇ ಸಾಯ್ಲಿಲ್ಲ, ಇನ್ ಕೊಲ್ಲೂರಿಗ್ ಹೋಪುಕೆ ಸಾಯ್ತ್ತಾ?"

"ಮಾರಾಯ," ಎಂದರು ಮಾವ, "ಇದ್ ರೇಸಿನ್ ಕಾರ್. ಇದ್ಕೆ ಬೋಟಿನ್ ಎಂಜಿನ್ ಹಾಕಿ ಬಿಟ್ರೆ, ಟಕಟಕ ಶಬ್ದ ಕೇಂಡ್ ಊರಿನ್ ಬೆಕ್ಕೆಲ್ಲ ಮೀನ್ ಬಂತಂದ್ಕಂಡ್ ಹಿಂದೆ ಓಡಿ ಬತ್ತೋ."

"ಬರ್ಲಿ ಅಯ್ಯ. ನಡ್ಕಂಡ್ ಹೋಪ ಬೆಕ್ಕ್, ನಿತ್ಕಂಡಿಪ್ಪ ಕಾರಿಂದ ಮುಂದೆ ಹೋತ್ತಲೆ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅವ ಹೇಳುದ್ ಸಮಾ ಇತ್ತ್. ಎಂತಾರೂ ಹಾಕ್ಲಿ, ಓಡ್ರೆ ಸೈ" ಎಂದರು. ಕೂಡಲೇ ಡೀಸೆಲ್ ಪಕ್ಷಕ್ಕೆ ಬಹುಮತ ಬಂತು. ನಾನು ಯಾವ ಪಕ್ಷ ಎಂದು ಯಾರೂ ಕೇಳಲಿಲ್ಲ. ನಾನು ಓದಿದವನಾದ್ದರಿಂದ ನನ್ನನ್ನು ಮಧ್ಯಸ್ಥ ಎಂದು ಇಟ್ಟುಕೊಂಡಿದ್ದರು. ಎರಡೂ ಕಡೆಯವರಿಗೆ ಬೈಯಲು ಒಬ್ಬ ಬೇಕಾಗುತ್ತಾನೆ.

ಆಗ ಮಾವ ಒಂದು ಅಸ್ತ್ರ ಬಿಟ್ಟರು. ಅವರ ಜೀವಮಾನದ ದೊಡ್ಡ ತಪ್ಪು ಅದೇ ಇರಬೇಕು.

"ನೀನ್ ಹರ್ಕಿ ಹೇಳ್ದ್ ಯಾವ ಗಾಡಿ ಮೇಲೆ?" ಎಂದು ಅತ್ತೆಯನ್ನು ಕೇಳಿದರು. "ಇದೇ ಗಾಡಿ ಅಂದಿದ್ದೆ. ಎಂಜಿನ್ ತೆಗ್ದ್ ಬಿಸಾಕಿ ಬೇರೆ ಹಾಕ್ರೆ ಇದೇ ಗಾಡಿ ಹ್ಯಾಂಗೆ ಆತ್ತ್? ನಾಳೆ ಅಮ್ಮನ ಎದ್ರ್ ನಿತ್ಕಂಡ್ ಎಂತ ಹೇಳ್ತೆ?"

ಅತ್ತೆಯ ಮುಖದ ಬಣ್ಣ ಇಳಿಯಿತು. ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದವರು ಬೇರೆಯೇ ಅತ್ತೆ.

"ಹೌದ್. ಎಂಜಿನ್ ಅದೇ ಬೇಕ್. ಒಂದ್ ಮೊಳೆ ಬದ್ಲ್ ಆಪ್ಪುಕಿಲ್ಲ."

ಮೆಕ್ಯಾನಿಕ್ ಕೊನೆಯ ವಾದ ಹೂಡಿದ. ಆ ವರ್ಷವಷ್ಟೇ ನಾನು ಅತ್ತೆಯನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿದ್ದೆ, ಮೇಲೊಂದು ಕೆಳಗೊಂದು. ಅದು ಅವನಿಗೆ ಹೇಗೋ ಗೊತ್ತಿತ್ತು. "ಅಮ್ಮ, ನೀವ್ ಹಲ್ಲ್ ಬೇರೆ ಹಾಕ್ಸ್ಕಂಡಿರಲೆ. ಈಗ ಉಂಬುದ್ ನೀವೇ ಅಲ್ದಾ, ಬೇರೆಯವ್ರಾ?"

"ಹಲ್ಲಿನ್ ಮೇಲೆ ನಾನ್ ಹರ್ಕಿ ಹೇಳ್ಲಿಲ್ಲ," ಎಂದರು ಅತ್ತೆ.

ಮೆಕ್ಯಾನಿಕ್ ಗೋಣಿಚೀಲ ಹೆಗಲಿಗೇರಿಸಿದ. ಗೇಟಿನ ತನಕ ಕಳಿಸಲು ಹೋದ ನನಗೆ ಮೆಲ್ಲನೆ ಹೇಳಿದ: "ಮಾಷ್ಟ್ರೆ, ಸಮುದ್ರದಗೆ ಗಾಳಿ ತಿರ್ಗುದ್ ಕಂಡಿದೆ. ಇಷ್ಟ್ ಬೇಗ ಕಂಡಿರ್ಲಿಲ್ಲೆ."

ಮಾವ ವಾದ ಗೆದ್ದರು, ಆದರೆ ಗೆದ್ದವರ ಕಳೆ ಮುಖದಲ್ಲಿ ಇರಲಿಲ್ಲ. ಅತ್ತೆ ಅಂದಿನಿಂದ ಒರಿಜಿನಲ್ ಧರ್ಮದ ಕಟ್ಟಾ ಅನುಯಾಯಿ. ಹಾರನ್ನಿನ ರಬ್ಬರ್ ಬುರುಡೆ ಒಡೆದಾಗ ಮಾವ ಹೊಸದು ತರಲು ಹೊರಟರೆ, "ಅದ್ ಅದೇನಾ?" ಎಂದರು. ಸೀಟಿನ ಹೊಲಿಗೆ ಬಿಟ್ಟಾಗ ಅದೇ ನೂಲು ಎಲ್ಲಿ ಸಿಕ್ಕುತ್ತದೆ ಎಂದು ವಿಚಾರಿಸಿದರು. ಮಾವ ಅತ್ತೆಯ ಎದುರೇ ಕೂತು ಇಂಗ್ಲೆಂಡಿಗೆ ಕಾಗದ ಬರೆಯುತ್ತಿದ್ದರು. ಎರಡು ಸಲ ಗ್ಯಾಸ್ಕೆಟ್ ಬಂತು ಕೂಡ. ಎರಡು ಸಲವೂ ಮಾವ ಚಪ್ಪರಕ್ಕೆ ತಟ್ಟಿ ಕಟ್ಟಿಕೊಂಡು, ಒಬ್ಬರೇ ಒಳಗೆ ಹೋಗಿ, ಬಾನೆಟ್ಟು ತೆಗೆದು, ಅಳತೆ ಹಿಡಿದು, ಹೊರಬಂದು ಘೋಷಿಸಿದರು: "ತೂತ್ ಕೂರುದಿಲ್ಲ. ಇಂಗ್ಲಿಷ್ನವ್ರಿಗೆ ಈಗ ಮೊದ್ಲಿನ್ ನಿಯತ್ತಿಲ್ಲ." ನಮ್ಮನ್ನು ಬಿಟ್ಟು ಹೋದ ಮೇಲೆ ಅವರು ಕೆಟ್ಟರು ಎಂದು ನಾವೂ ಒಪ್ಪಿಕೊಂಡೆವು.

ನಾನು ಮಧ್ಯಸ್ಥನ ಕರ್ತವ್ಯವೆಂದು ಸಾಲಿಗ್ರಾಮದ ಕಡೆಯ ನಮ್ಮ ಒಬ್ಬ ನೆಂಟರನ್ನು ಕೇಳಿ ಬಂದೆ. ದೇವಸ್ಥಾನದ ಪೂಜೆ ಮಾಡುವವರು, ತಿಳಿದವರು. ಎಲ್ಲ ಕೇಳಿ, ಎಲೆಗೆ ಸುಣ್ಣ ಸವರುತ್ತ ಹೇಳಿದರು: "ಜೀರ್ಣ ಆದ್ದನ್ನ ಬದ್ಲ್ ಮಾಡುಕೆ ವಿಧಿ ಇತ್ತ್. ಪೀಠ ಬದ್ಲ್ ಮಾಡುಕೂ ಒಂದ್ ಕ್ರಮ, ಮೂರ್ತಿ ಬದ್ಲ್ ಮಾಡುಕೂ ಒಂದ್ ಕ್ರಮ. ಆದ್ರೆ ಕಾರಿಗೆ ಎಂಜಿನ್ ಮೂರ್ತಿಯೋ ಪೀಠವೋ, ಅದನ್ನ ಮೆಕ್ಯಾನಿಕ್ ಹತ್ರವೇ ಕೇಣ್ಕ್." ಮೆಕ್ಯಾನಿಕನನ್ನು ಕೇಳಿದೆ. ಅವನು, "ಎರಡೂ ಅಲ್ಲ ಮಾಷ್ಟ್ರೆ, ಹೊಟ್ಟೆ. ಹೊಟ್ಟೆ ನಡ್ದ್ರೆ ಬಾಕಿದ್ದೆಲ್ಲ ನಡಿತ್ತ್" ಎಂದ. ಶಾಸ್ತ್ರ ಅಲ್ಲಿಗೆ ನಿಂತಿತು.

ಹೀಗೆ ಆರು ಹಲಸಿನ ಕಾಲ ಕಳೆದವು. ಏಳನೆಯದರ ಸುರುವಿಗೆ, ಏಪ್ರಿಲಿನಲ್ಲಿ, ಮಾವ ಕೋಟದ ಕಡೆ ಒಂದು ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋದ ದಿನ, ಅತ್ತೆ ನನಗೆ ಹೇಳಿ ಕಳಿಸಿದರು. ಹೋದರೆ ಮೆಕ್ಯಾನಿಕನೂ ಅಂಗಳದಲ್ಲಿ ಕೂತಿದ್ದ. ಅತ್ತೆ ಸೆರಗಿನ ಗಂಟು ಬಿಚ್ಚಿ ಬಾನೆಟ್ಟಿನ ಕೀಲಿ ನನ್ನ ಕೈಗಿಟ್ಟರು. ದೇವರ ಪೆಟ್ಟಿಗೆಯಿಂದ ಕದ್ದದ್ದು.

"ಕಂಡ್ ಹೇಳ್ ಮಾಣಿ, ಆತ್ತಾ ಇಲ್ಯಾ ಅಂದ್ಕಂಡ್. ನಂಗೂ ಎಪ್ಪತ್ತ್ ಹತ್ರ ಆಯ್ತ್. ಗ್ಯಾಸ್ಕೆಟ್ ಬಪ್ಪುದ್ರೊಳಗೆ ನಾನ್ ಹೋತೆ."

ಅಷ್ಟು ಹೇಳಿ, ಪಾಪದ ಕೆಲಸ ನೋಡಬಾರದೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಾವಿಕಟ್ಟೆಯ ಕಡೆ ನೋಡಿದೆ. ಮರದ ಬುಡದಲ್ಲಿ ಕಾಯಿಗಳು ಆಗಲೇ ಮಗುವಿನಷ್ಟಾಗಿದ್ದವು.

ಬಾನೆಟ್ಟು ಕಿರ್ರೆಂದು ಎದ್ದಿತು. ಮೆಕ್ಯಾನಿಕ್ ತಲೆ ಒಳಗೆ ಹಾಕಿದ. ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ. ಆಮೇಲೆ ಅವನ ಬೆನ್ನು ಅಲುಗಾಡತೊಡಗಿತು. ಅಳುತ್ತಾನೋ ಎಂದು ಹೆದರಿದೆ. ಅವನು ಹಿಂದೆ ಸರಿದು ನೆಲದಲ್ಲೇ ಕೂತು, ಬಾಯಿಗೆ ಹೆಗಲ ಮೇಲಿನ ಬೈರಾಸು ಒತ್ತಿಕೊಂಡು ನಗುತ್ತಿದ್ದ.

"ಮಾಷ್ಟ್ರೆ... ಇದ್ ಟ್ಯಾಕ್ಸಿ!"

"ಎಂತ?"

"ಎಂಜಿನ್ ಮಾಷ್ಟ್ರೆ! ನಮ್ ಟ್ಯಾಕ್ಸಿ ಸ್ಟ್ಯಾಂಡಗೆ ಸಾಲಾಗಿ ನಿಂತಿತ್ತಲೆ, ಗುಂಡು ಗುಂಡು ಬಿಳಿ ಕಾರ್? ಅದ್ರದ್ದೇ ಎಂಜಿನ್. ಇಲ್ಲ್ ಕಾಣಿ, ತಗಡಿನ್ ಮೇಲೆ ಬರ್ದಿತ್ತ್. ಇದ್ ಇಂಗ್ಲೆಂಡ್ ಅಲ್ಲ, ಇಂಡಿಯಾ!"

ಕಂಡೆ. ಸಣ್ಣ ತಗಡು, ನಂಬರು, ನಮ್ಮದೇ ದೇಶದ ಹೆಸರು. ಈ ಎಂಜಿನ್ನಿಗೆ ಬೇಕಾದ ಗ್ಯಾಸ್ಕೆಟ್ಟು ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ, ಮೊಳೆಗೆ ಸಿಕ್ಕಿಸಿ ನೇತುಹಾಕಿರುತ್ತಾರೆ. ಅದಕ್ಕಾಗಿ ನಾವು ಇಂಗ್ಲೆಂಡಿಗೆ ಕಾಗದ ಬರೆಯುತ್ತಿದ್ದೆವು. ಸಮುದ್ರದ ದಡದಲ್ಲಿ ಕೂತು ಉಪ್ಪಿಗೆ ಪರದೇಶಕ್ಕೆ ಬರೆದ ಹಾಗೆ.

ಮಾವನಿಗೆ ಕಾರು ಮಾರಿದ ಆ ಮುಂಬೈಯವನು ಯಾರೋ, ಇಂಗ್ಲಿಷ್ ಎಂಜಿನ್ ತೆಗೆದು ಟ್ಯಾಕ್ಸಿಯದು ಕೂರಿಸಿ ಮಾವನ ತಲೆಗೆ ಟೊಪ್ಪಿ ಹಾಕಿದ್ದಾನೆ ಎಂದು ನಾವಿಬ್ಬರೂ ಅಲ್ಲೇ ತೀರ್ಮಾನಿಸಿದೆವು. ಈಗ ಹೇಳುವುದು ಹೇಗೆ? ಮಾವನಿಗೆ ಹೇಳಿದರೆ, ಒಂದು ನಟ್ಟು ಸಹಿತ ಒರಿಜಿನಲ್ ಎಂದು ಊರಿಗೆಲ್ಲ ಸಾರಿದ ಮನುಷ್ಯ ತಲೆ ಎತ್ತಿ ಪೇಪರ್ ಓದಲು ಲೈಬ್ರರಿಗೂ ಹೋಗಲಾರರು. ಅತ್ತೆಗೆ ಹೇಳಿದರೆ ಇನ್ನೂ ಕಷ್ಟ. ಎಂಜಿನ್ನೇ ಅದಲ್ಲ ಎಂದಾದರೆ ಹರಕೆ ಇದೇ ಗಾಡಿಯದ್ದಲ್ಲ, ಹಲಸಿನ ಹಣ್ಣು ಈ ಜನ್ಮಕ್ಕಿಲ್ಲ.

"ಹೇಳುದ್ ಬ್ಯಾಡ," ಎಂದ ಮೆಕ್ಯಾನಿಕ್. ಬೆರಳಿನ ತುದಿಯಲ್ಲಿ ದಪ್ಪಗೆ ಗ್ರೀಸು ತೆಗೆದು ಆ ತಗಡಿಗೆ ಬಳಿದ. ಇಂಡಿಯಾ ಮುಚ್ಚಿಹೋಯಿತು.

ಒಳಗಿನಿಂದ ಅತ್ತೆ, "ಎಂತಂಬ್ರ್ ಮಾಣಿ?" ಎಂದು ಕೂಗಿದರು.

"ಆತ್ತಂಬ್ರ್ ಅತ್ತೆ," ಎಂದೆ. ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು.

ಎರಡು ವಾರ ಬಿಟ್ಟು ಇಂಗ್ಲೆಂಡಿನ ಮೂರನೆಯ ಪಾರ್ಸೆಲ್ ಬಂತು. ಬಂದದ್ದು ನನ್ನ ಶಾಲೆಯ ವಿಳಾಸಕ್ಕೆ ಎಂದು ಹೇಳಿದೆ. ಮಾವ ಎಸೆದಿದ್ದ ಹಳೇ ಇಂಗ್ಲಿಷ್ ರಟ್ಟಿನ ಡಬ್ಬಿಯನ್ನು ಅತ್ತೆ ಸಾಸಿವೆ ಹಾಕಿಡಲು ಇಟ್ಟುಕೊಂಡಿದ್ದರು. ಅದನ್ನು ನಾನು ಲಪಟಾಯಿಸಿ, ಮೆಕ್ಯಾನಿಕನಿಗೆ ಕೊಟ್ಟು, ಅಂಗಡಿಯ ಗ್ಯಾಸ್ಕೆಟ್ಟು ಅದರಲ್ಲಿ ಹಾಕಿಸಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದವನು ಸುಳ್ಳಿನ ಪ್ರಯೋಗಕ್ಕಿಳಿದರೆ ಎಂಥ ಅಚ್ಚುಕಟ್ಟು ಇರುತ್ತದೆ ಎಂದು ನನಗೇ ಹೆಮ್ಮೆಯಾಗಿತ್ತು.

ಮಾವ ಜಗಲಿಯಲ್ಲಿ ಕೂತು ಡಬ್ಬಿ ತೆಗೆದರು. ಅತ್ತೆ ಕಂಬಕ್ಕೆ ಆನಿಕೊಂಡು ನಿಂತಿದ್ದರು.

"ಸ್ಟ್ಯಾಂಪ್ ಎಲ್ಲಿತ್ತ್?"

"ರಜೆಯಗೆ ಶಾಲೆ ಅಂಗಳಕ್ ಆಡುಕ್ ಬಂದ್ ಮಕ್ಳ್ ಕಿತ್ಕಂಡ್ರ್ ಮಾವಯ್ಯ. ಆಲ್ಬಮ್ಮಿಗೆ."

"ಹೌದಾ," ಎಂದರು. ಮುಚ್ಚಳ ತೆಗೆದರು. ನಮ್ಮ ಮೆಕ್ಯಾನಿಕ್ ಮಹಾಶಯ ಗ್ಯಾಸ್ಕೆಟ್ಟು ಮುಕ್ಕಾಗಬಾರದೆಂದು ಕಾಳಜಿಯಿಂದ ಅದನ್ನು ಸುತ್ತಿದ್ದ, ಕನ್ನಡ ಪೇಪರಿನಲ್ಲಿ. ಮೇಲ್ಗಡೆಯೇ ಹೆಮ್ಮಾಡಿಯಲ್ಲಿ ನಡೆಯುವ ಬಯಲಾಟದ ಜಾಹೀರಾತು.

ಮಾವ ಪೇಪರನ್ನು ಬಿಡಿಸಿದರು. ಜಾಹೀರಾತನ್ನು ಪೂರ್ತಿ ಓದಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಗ್ಯಾಸ್ಕೆಟ್ಟನ್ನು ಬೆಳಕಿಗೆ ಎತ್ತಿ ಹಿಡಿದು, ಒಂದೊಂದೇ ತೂತಿನ ಮೂಲಕ ನನ್ನನ್ನು ನೋಡಿದರು. ಆಮೇಲೆ ಅದೇ ತೂತಿನ ಮೂಲಕ ಅತ್ತೆಯನ್ನು ನೋಡಿದರು. ಅತ್ತೆಯನ್ನು ಬಹಳ ಹೊತ್ತು ನೋಡಿದರು.

"ಈ ಸರ್ತಿ ಇಂಗ್ಲಿಷ್ನವ್ರ್ ಸಮಾ ಕಳ್ಸಿರ್," ಎಂದರು ಕೊನೆಗೆ. "ನಾಳೆ ಬಪ್ಪುಕ್ ಹೇಳ್ ಅವನಿಗೆ."

ಮಾವನಿಗೆ ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದು ನಾನು ಮರುಗಿದೆ.

ಕೆಲಸ ಹತ್ತು ದಿನ ನಡೆಯಿತು. ಎಂಜಿನ್ನಿನ ತಲೆ ಬಿಚ್ಚಿದ ದಿನ ಮೆಕ್ಯಾನಿಕ್ ಹಳೇ ಗ್ಯಾಸ್ಕೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದ್ ಹೋಯ್ಲೇ ಇಲ್ಲಲೆ ಅಯ್ಯ" ಎಂದ. ಮಾವ ಆಗ ತೆಂಗಿನ ಮರದ ತುದಿಯಲ್ಲಿ ಏನೋ ನೋಡುತ್ತಿದ್ದರು. "ಹಳೇದ್ ಬಿಸಾಕ್" ಎಂದರು. ತುಕ್ಕು ಕೆರೆದು, ಎಣ್ಣೆ ಬಿಟ್ಟು, ಹೊಸ ಟೈರು ಹಾಕಿ (ಟೈರಿಗೆ ಮಾತ್ರ ಅತ್ತೆ ರಿಯಾಯಿತಿ ಕೊಟ್ಟರು, ಚಪ್ಪಲಿ ಬದಲಿಸಿದರೆ ಮನುಷ್ಯ ಬದಲಾಗುವುದಿಲ್ಲವಂತೆ) ಎಳೆದು ಬಿಟ್ಟಾಗ ಕಾರು ಕೆಮ್ಮಿ, ಹೊಗೆ ಉಗುಳಿ, ಎದ್ದು ನಿಂತಿತು. ಶಬ್ದ ಥೇಟು ಟ್ಯಾಕ್ಸಿಯದು. ನಾನೂ ಮೆಕ್ಯಾನಿಕನೂ ಮಾವನ ಮುಖ ನೋಡಿದೆವು. ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಇಂಗ್ಲಿಷ್ ನಾದ," ಎಂದರು.

ಹೊರಡುವ ದಿನ ನಿಶ್ಚಯವಾಯಿತು. ಹೆಮ್ಮಾಡಿಯಿಂದ ಒಳಗೆ ತಿರುಗಿದರೆ ಕೊಲ್ಲೂರು ಹತ್ತಿರ. ಆದರೆ ಅತ್ತೆಯ ತವರು ಬೈಂದೂರು. ಮಾಡಿಲ್ಲದ ಕಾರಿನಲ್ಲಿ ಗಂಡನ ಪಕ್ಕ ಕೂತು ತವರಿನ ಪೇಟೆಯಲ್ಲಿ ಹಾದುಹೋಗುವ ಯೋಗ ಎಪ್ಪತ್ತರ ಹತ್ತಿರ ಬಂದರೆ ಬಿಡುವುದುಂಟೇ? ಬೈಂದೂರಿನ ಮೇಲೆಯೇ ಎಂದಾಯಿತು. ಕಾರಿನಲ್ಲಿ ಎರಡೇ ಸೀಟು, ಆದ್ದರಿಂದ ನಾನೂ ಮೆಕ್ಯಾನಿಕನೂ ಹಿಂದಿನಿಂದ ಅವನ ಭಾವನ ಟೆಂಪೋದಲ್ಲಿ. ಅದು ಬಂದರಿಗೆ ಐಸು ಸಾಗಿಸುವ ಟೆಂಪೋ. ತೊಳೆದಿದ್ದರು. ಮೀನು ಅಷ್ಟು ಸುಲಭದಲ್ಲಿ ಬಿಟ್ಟುಹೋಗುವುದಿಲ್ಲ. ಮಡಿ ಉಟ್ಟು, ಬಾಂಗಡೆಯ ಪರಿಮಳದಲ್ಲಿ ನಾನು ಕೊಲ್ಲೂರು ಯಾತ್ರೆ ಹೊರಟೆ.

ಮಾವ ಕಾರು ಬಿಟ್ಟ ಕ್ರಮ ಹೇಳಬೇಕು. ರೇಸಿನ ಕಾರು ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಸಾಗಿತು. ಎರಡು ಕೈಯಲ್ಲೂ ಸ್ಟಿಯರಿಂಗನ್ನು ಬಾವಿಯ ಹಗ್ಗದ ಹಾಗೆ ಹಿಡಿದಿದ್ದರು. ತ್ರಾಸಿಯಲ್ಲಿ ಒಬ್ಬ ಸೈಕಲಿನವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಬ್ರೇಕು ಹಿಡಿದು, "ಹ್ವಾಯ್, ದೂಡ್ಕಾ?" ಎಂದು ಕೇಳಿದ. ಅತ್ತೆ ಮಾತ್ರ ಸೆರಗು ತಲೆಗೆ ಸುತ್ತಿ, ಮರವಂತೆಯ ಗಾಳಿಗೆ ಮುಖ ಕೊಟ್ಟು, ರಥದಲ್ಲಿ ಕೂತ ಉತ್ಸವಮೂರ್ತಿಯಂತೆ ಅಲುಗಾಡದೆ ಕೂತಿದ್ದರು.

ಬೈಂದೂರು ಇನ್ನೂ ಎರಡು ಮೈಲಿ ಇರುವಾಗ ಕಾರಿನ ಮೂತಿಯಿಂದ ಹಬೆ ಎದ್ದಿತು. ಮಾವ ಬದಿಗೆ ನಿಲ್ಲಿಸಿದರು. ನಾವು ಓಡಿದೆವು. ಫ್ಯಾನಿನ ಬೆಲ್ಟು ತುಂಡಾಗಿತ್ತು. ಮೆಕ್ಯಾನಿಕ್ ಟೆಂಪೋದ ಚೀಲ ಬುಡಮೇಲು ಮಾಡಿದ. ಬೋಟಿನ ಬೆಲ್ಟು ಇತ್ತು, ಟೆಂಪೋದ ಬೆಲ್ಟು ಇತ್ತು, ಬೇಕಾದದ್ದು ಇರಲಿಲ್ಲ. ಟ್ಯಾಕ್ಸಿಯ ಬೆಲ್ಟು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅತ್ತೆ ಇಬ್ಬರ ಮುಖವನ್ನೂ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬುತ್ತಿತ್ತು.

"ಅಮ್ಮನಿಗೆ ಮನಸ್ಸಿಲ್ಲ ಕಾಣತ್ತ್ ಮಾಣಿ," ಎಂದರು.

ಮಾವ ತಮ್ಮ ಸೀಟಿನ ಅಡಿಗೆ ಕೈ ಹಾಕಿದರು. ಹೊಸ ಬೆಲ್ಟೊಂದು ಹೊರಬಂತು. ಬಸ್ ಸ್ಟ್ಯಾಂಡಿನ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಮೆಕ್ಯಾನಿಕನ ಕೈಗೆ ಕೊಟ್ಟರು.

"ಹಾಕ್. ಹಾಂಗೇ ಆ ನಂಬ್ರಿನ್ ತಗಡಿನ್ ಮೇಲಿನ್ ಗ್ರೀಸ್ ಒರ್ಸ್ ಇನ್. ಧೂಳ್ ಹಿಡಿತ್ತ್."

ಮೆಕ್ಯಾನಿಕ್ ಬೆಲ್ಟು ಹಿಡಿದುಕೊಂಡು ಕಂಬದ ಹಾಗೆ ನಿಂತ. ಮಾವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು.

"ಟ್ಯಾಕ್ಸಿ ಎಂಜಿನ್ ನಾನೇ ಹಾಕ್ಸಿದ್," ಎಂದರು. "ತಕಂಡ್ ಒಂದ್ ವರ್ಷದ್ ಒಳಗೆ ಇಂಗ್ಲಿಷ್ ಎಂಜಿನ್ ಸತ್ತಿತ್ತ್. ಯಾರ್ ಹತ್ರವೂ ಹೇಳ್ಲಿಲ್ಲ. ನಾಚ್ಕಿ."

"ಹಾಂಗಾರೆ ಗ್ಯಾಸ್ಕೆಟ್?" ಎಂದೆ.

"ಗ್ಯಾಸ್ಕೆಟ್ ಹೋಯ್ಲೇ ಇಲ್ಲ ಮಾಣಿ. ಆಸ್ಪತ್ರೆಯಿಂದ ಬಂದ್ ಮೇಲೆ ಒಂದಿನ ಒಬ್ನೇ ಬಿಟ್ಟ್ ಕಂಡೆ. ದಾದರಿನ್ ಹತ್ರ ಕಣ್ಣಿಗೆ ಕತ್ಲೆ ಕಟ್ಟಿತ್. ಗಾಡಿ ಫುಟ್‌ಪಾತ್ ಹತ್ತಿತ್. ಪುಣ್ಯಕ್ಕೆ ಜನ ಇರ್ಲಿಲ್ಲ. ಮನೆಗ್ ಬಂದ್ ಗ್ಯಾಸ್ಕೆಟ್ ಹೋಯ್ತ್ ಅಂದೆ, ಬಾಯಿಗ್ ಬಂದದ್ ಅದ್. ಇವ್ಳನ್ನ ಪಕ್ಕದಗೆ ಕೂರ್ಸ್ಕಂಡ್ ಬಿಡುಕೆ..." ಎಂದು ನಿಲ್ಲಿಸಿದರು. "ಹೆದ್ರಿಕೆ ಅಂದ್ಕಂಡ್ ಹೇಳುಕಿಂತ ಒರಿಜಿನಲ್ ಅಂಬುದ್ ಸುಲ್ಬ ಆಯ್ತ್."

ಆರು ವರ್ಷ ನಾನು ಮಧ್ಯಸ್ಥಿಕೆ ಮಾಡಿದ ವಾದದಲ್ಲಿ ಎಂಜಿನ್ನೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಇಂಗ್ಲೆಂಡಿಗೆ ಬರೆದ ಕಾಗದವೆಲ್ಲ ಅತ್ತೆಗೆ ತೋರಿಸಲಷ್ಟೇ. ಆ ಪೇಪರ್ ಸುತ್ತಿದ ಗ್ಯಾಸ್ಕೆಟ್ಟನ್ನು ಎತ್ತಿ ಹಿಡಿದು ಅತ್ತೆಯನ್ನು ನೋಡಿದ ದಿನ ಮಾವನಿಗೆ ನೆಪಗಳೆಲ್ಲ ಮುಗಿದಿದ್ದವು. ಅಂದೇ ಹೋಗಿ ಬೆಲ್ಟು ತಂದಿಟ್ಟುಕೊಂಡಿರಬೇಕು.

ಅತ್ತೆ ಕಾರಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಕೇಳಿದರು.

"ಟ್ಯಾಕ್ಸಿ ಎಂಜಿನ್ ಹಾಕ್ಸಿದ್ ನಾನ್ ಹರ್ಕಿ ಹೇಳುಕೆ ಮೊದ್ಲೋ, ಮೇಲೋ?"

"ಮೊದ್ಲ್."

"ಸಮಾ ನೆನ್ಪ್ ಮಾಡ್ಕಂಡ್ ಹೇಳಿ."

"ಮೊದ್ಲೇ. ಎರಡ್ ವರ್ಷ ಮೊದ್ಲ್."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹಾಂಗಾರೆ ಇದೇ ಗಾಡಿಯೇ. ಹತ್ತಿ, ಹೊತ್ತಾತ್ತ್."

ಮಾವ ಏಳಲಿಲ್ಲ. ಅತ್ತೆಗೆ ಈಗ ಸಿಟ್ಟು ಬಂತು. "ಹೆದ್ರಿಕೆ ಅಂದ್ಕಂಡ್ ಅವತ್ತೇ ಒಂದ್ ಮಾತ್ ಹೇಳಿದ್ರೆ ಹರ್ಕಿ ಹ್ಯಾಂಗಾರೂ ತಿದ್ದುಸ್ಕಂತಿದ್ದೆ. ಇಪ್ಪತ್ತೈದ್ ವರ್ಷ ಹಲ್ಸಿನ್ ಹಣ್ಣ್ ಬಿಡ್ಸಿದ್ರಲೆ ಮಾರ್ರೆ! ಏಳಿ. ನಿಧಾನ ಬಿಡಿ. ಅಮ್ಮ ಎಲ್ಲಿಗೂ ಹೋಪುದಿಲ್ಲ."

ಮಾವ ಎದ್ದರು. ಬೈಂದೂರು ಪೇಟೆಯನ್ನು ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ದಾಟಿದರು. ತವರಿನವರಿಗೆ ನೋಡಲು ಬೇಕಾದಷ್ಟು ಸಮಯ ಸಿಕ್ಕಿತು. ಕೊಲ್ಲೂರಿನಲ್ಲಿ ಚಕ್ರದಡಿಗೆ ನಿಂಬೆಹಣ್ಣು ಇಡುತ್ತ ಅರ್ಚಕರು, "ಹೊಸ ವಾಹನವೋ?" ಎಂದು ಕೇಳಿದರು. "ಅಲ್ಲ," ಎಂದರು ಅತ್ತೆ, "ಅದೇ ವಾಹನ."

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಬಾವಿಕಟ್ಟೆಯಲ್ಲಿ ಹಣ್ಣು ಕೊಯ್ದೆವು. ಕೊಯ್ದದ್ದು ಮಾವ. ಅವರ ಕೈಗೆ ಎಣ್ಣೆ ಹಚ್ಚಿದ್ದು ಅತ್ತೆ. ಮೆಕ್ಯಾನಿಕನೂ ಲಾಂಚಿನಲ್ಲಿ ಬಂದಿದ್ದ. ಮೊದಲ ತೊಳೆಯನ್ನು ಮಾವ ತಾವೇ ಬಿಡಿಸಿ ಅತ್ತೆಯ ಕೈಗಿಟ್ಟರು. ನಾವು ಮೂವರೂ ಮಂಗಳಾರತಿ ನೋಡುವವರ ಹಾಗೆ ನಿಂತೆವು. ಅತ್ತೆ ಕಣ್ಣು ಮುಚ್ಚಿ ಅಗಿದರು. ಬಹಳ ಹೊತ್ತು ಅಗಿದರು. ಕಟುಕೆನ್ನುವ ಶಬ್ದ ಬರಲಿಲ್ಲ.

"ಹ್ಯಾಂಗಿತ್ತ್?" ಎಂದರು ಮಾವ.

"ಮೊದ್ಲಿನ್ ರುಚಿ ಇಲ್ಲ."

"ಮರ ಅದೇ ಅಲ್ದನಾ?"

"ಮರ ಅದೇ. ಹಣ್ಣೂ ಅದೇ," ಎಂದರು ಅತ್ತೆ ನಾಲಿಗೆಯಿಂದ ಮೇಲಿನ ಸೆಟ್ಟು ಸರಿಮಾಡಿಕೊಳ್ಳುತ್ತ. "ಹಲ್ಲ್ ಒರಿಜಿನಲ್ ಅಲ್ಲ."

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಅತ್ತೆ ಇನ್ನೊಂದು ತೊಳೆಗೆ ಕೈ ಚಾಚಿದರು.